60 ಓಮ್ ಬಂದರೆ ಸಾಕೇ?

ಹಾಯಿದೋಣಿಯ ತಳದಲ್ಲಿ ಹೊಸ ಆಳಮಾಪಕ ಕೂರಿಸಿದವರು ಮೊದಲು ನೋಡುವುದು ಚುಕ್ಕಾಣಿಯ ಬಳಿಯ ಪರದೆಯನ್ನು. ಅಲ್ಲಿ 3.4 ಮೀಟರ್ ಎಂದು ಬಂತೋ, ಸ್ಪ್ಯಾನರು ಸ್ಕ್ರೂಡ್ರೈವರುಗಳು ಪೆಟ್ಟಿಗೆ ಸೇರುತ್ತವೆ. ಅಂಕಿ ಬಂತೆಂದ ಮಾತ್ರಕ್ಕೆ ಅದು ಸರಿಯಾದ ಅಂಕಿಯೇ ಆಗಬೇಕೆಂದಿಲ್ಲ. ತಂತಿಯನ್ನೂ ನೀರನ್ನೂ ಬೇರೆಬೇರೆಯಾಗಿ ಕೇಳಬೇಕು.

ಈಗಿನ ದೋಣಿಗಳಲ್ಲಿ ಆಳ, ಗಾಳಿ, ದಿಕ್ಕು, ಎಂಜಿನ್ ಎಲ್ಲದರ ಸುದ್ದಿಯೂ ಓಡಾಡುವುದು ಎನ್‌ಎಂಇಎ 2000 ಎಂಬ ಜಾಲದಲ್ಲಿ. ಇದರ ತಳಪಾಯ ಬಾಷ್ ಕಂಪನಿ ಕಾರುಗಳಿಗೆಂದು ರೂಪಿಸಿ 1986ರಲ್ಲಿ ಹೊರತಂದ ಕ್ಯಾನ್ ವ್ಯವಸ್ಥೆ. ದೋಣಿಯ ಉದ್ದಕ್ಕೂ ಒಂದು ಮುಖ್ಯ ಕೇಬಲ್. ಅದರಿಂದ ಟಿ ಆಕಾರದ ಜೋಡಣೆಗಳ ಮೂಲಕ ಕವಲೊಡೆದು ಒಂದೊಂದು ಉಪಕರಣ. ಕವಲು 6 ಮೀಟರ್ ಮೀರಬಾರದು. ಇಲ್ಲಿ ಯಜಮಾನ ಯಾರೂ ಇಲ್ಲ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ, ಗುರುತಿನ ಸಂಖ್ಯೆ ಚಿಕ್ಕದಿರುವ ಸಂದೇಶ ಮುಂದುವರಿಯುತ್ತದೆ. ಇನ್ನೊಂದು ಸುಮ್ಮನಾಗಿ ಸರದಿ ಕಾಯುತ್ತದೆ. ಆಳದ ಸಂದೇಶಕ್ಕೆ 128267 ಎಂಬ ಸಂಖ್ಯೆ ಎಲ್ಲ ತಯಾರಕರಿಗೂ ಒಂದೇ. ಹಾಗಾಗಿಯೇ ಒಬ್ಬರ ಸಂವೇದಕ ಮತ್ತೊಬ್ಬರ ಪರದೆಯೊಂದಿಗೆ ಮಾತಾಡಬಲ್ಲದು.

ತೊಂದರೆ ಹೆಚ್ಚಾಗಿ ಕೇಬಲ್ಲಿನ ತುದಿಯಲ್ಲಿರುತ್ತದೆ. ಕೆರೆಯ ಅಲೆ ದಡಕ್ಕೆ ಬಡಿದು ಮರಳುವಂತೆ, ತೆರೆದ ತುದಿಗೆ ಹೋದ ವಿದ್ಯುತ್ ಸಂಕೇತವೂ ಮರಳಿ ಬಂದು ಹಿಂದೆ ಬರುತ್ತಿರುವ ಸಂಕೇತವನ್ನು ಕಲಕುತ್ತದೆ. ಅದನ್ನು ಹೀರಿಕೊಳ್ಳಲು ಎರಡೂ ತುದಿಗೆ 120 ಓಮ್‌ನ ಒಂದೊಂದು ರೋಧಕ ಹಾಕುತ್ತಾರೆ. ಜಾಲದ ವಿದ್ಯುತ್ ಆರಿಸಿ, ಬಿಳಿ ಮತ್ತು ನೀಲಿ ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿದರೆ ಸುಮಾರು 60 ಬರಬೇಕು. ಸಮಾಂತರದಲ್ಲಿರುವ ಎರಡು 120ರ ಲೆಕ್ಕ ಅದು. 120 ಬಂದರೆ ಒಂದು ರೋಧಕ ಕಾಣೆ. 40 ಬಂದರೆ ಯಾರೋ ಮೂರನೆಯದನ್ನೂ ಸಿಕ್ಕಿಸಿದ್ದಾರೆ. ಚಿಕ್ಕ ದೋಣಿಯಲ್ಲಿ ಒಂದು ರೋಧಕ ಇಲ್ಲದೆಯೂ ಜಾಲ ಕೆಲಸ ಮಾಡಿಬಿಡುತ್ತದೆ, ಅದೇ ಅಪಾಯ: ಕೇಬಲ್ ಬೆಳೆಸಿದ ದಿನ ಉಪಕರಣಗಳು ಕಾರಣವಿಲ್ಲದೆ ಮಾಯವಾಗತೊಡಗುತ್ತವೆ, ಬೈಗುಳ ಮಾತ್ರ ಹೊಸ ಸಂವೇದಕಕ್ಕೆ. ಎಲ್ಲವನ್ನೂ ಚಾಲೂ ಮಾಡಿ ದೂರದ ತುದಿಯ ವೋಲ್ಟೇಜನ್ನೂ ನೋಡಿಬಿಡುವುದು ಒಳ್ಳೆಯದು.

ಇಷ್ಟಾದರೂ ಗೊತ್ತಾಗಿದ್ದು ಸಂದೇಶ ತಲುಪುತ್ತದೆ ಎಂದಷ್ಟೇ. ಸುಳ್ಳು ಸಂದೇಶವೂ ಅಷ್ಟೇ ಚೆನ್ನಾಗಿ ತಲುಪುತ್ತದೆ.

ಸಂವೇದಕ ಶಬ್ದದ ಮಿಡಿತ ಕಳಿಸಿ ಪ್ರತಿಧ್ವನಿಗೆ ಕಾಯುತ್ತದೆ. ಸಮುದ್ರದ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. 10 ಮೀಟರ್ ಕೆಳಗಿನ ತಳ ಮುಟ್ಟಿ ಬರಲು ಸುಮಾರು 13 ಮಿಲಿಸೆಕೆಂಡ್. ಆದರೆ ಅದು ಅಳೆಯುವುದು ತನ್ನ ಮುಖದಿಂದ ತಳಕ್ಕಿರುವ ದೂರವನ್ನು. ಸಂವೇದಕದ ಮುಖಕ್ಕಿಂತ 1.3 ಮೀಟರ್ ಕೆಳಗೆ ಕೀಲಿನ, ಅಂದರೆ ದೋಣಿಯಡಿ ಚಾಚಿದ ರೆಕ್ಕೆಯ, ತುದಿ ಇದೆಯೆನ್ನಿ. ಕೀಲಿನಡಿಯ ನೀರೆಷ್ಟೆಂದು ತಿಳಿಯಲು ಆ 1.3ನ್ನು ಕಳೆಯಬೇಕು. ಕಳೆಯುವ ಚಿಹ್ನೆಯ ಬದಲು ಕೂಡುವ ಚಿಹ್ನೆ ಒತ್ತಿದರೆ, ಕೀಲಿನಡಿ 1.7 ಮೀಟರ್ ನೀರಿರುವಾಗ ಪರದೆ 4.3 ಎನ್ನುತ್ತದೆ. ಜಾಲದ ಲೆಕ್ಕದಲ್ಲಿ ಎಲ್ಲವೂ ಸರಿ!

ಇದಕ್ಕೆ ಮದ್ದು ಹಳೆಯದೇ. ಧಕ್ಕೆಯಲ್ಲಿ ದೋಣಿ ನಿಂತಿರುವಾಗ, ಸೀಸದ ಗುಂಡು ಕಟ್ಟಿದ ಹಗ್ಗವನ್ನು ಸಂವೇದಕದ ಪಕ್ಕದಲ್ಲೇ ಇಳಿಬಿಟ್ಟು ನೀರಿನ ಮಟ್ಟಕ್ಕೆ ಗುರುತು ಹಾಕಿ. ಅದರಲ್ಲಿ ನೀರಿನ ಮಟ್ಟದಿಂದ ಕೀಲಿನ ತುದಿಯವರೆಗಿನ ಅಳತೆ ಕಳೆದರೆ ಪರದೆಯ ಅಂಕಿ ಸಿಗಬೇಕು. ಹಗ್ಗವನ್ನೂ ಪರದೆಯನ್ನೂ ಒಂದೇ ಹೊತ್ತಿಗೆ ಓದಿ. ಉಬ್ಬರವಿಳಿತ ಯಾರಿಗೂ ಕಾಯುವುದಿಲ್ಲ.