ಗ್ಯಾಲಪಗೋಸ್ ದ್ವೀಪಗಳ ಕಿರುಹಡಗು ವನ್ಯಜೀವಿ ಯಾನ

ಗ್ಯಾಲಪಗೋಸ್ ಕಿರುಹಡಗು ಯಾನವು ಈಕ್ವೆಡಾರ್ ದೇಶಕ್ಕೆ ಸೇರಿದ ಗ್ಯಾಲಪಗೋಸ್ ದ್ವೀಪಸಮೂಹದ ವನ್ಯಜೀವಿಗಳನ್ನು ವೀಕ್ಷಿಸಲು ಕೈಗೊಳ್ಳುವ ಪ್ರವಾಸದ ಒಂದು ಬಗೆ. ಪೆಸಿಫಿಕ್ ಮಹಾಸಾಗರದಲ್ಲಿರುವ ಈ ಜ್ವಾಲಾಮುಖಿ ದ್ವೀಪಗಳು ದಕ್ಷಿಣ ಅಮೆರಿಕದ ಕರಾವಳಿಯಿಂದ ಪಶ್ಚಿಮಕ್ಕೆ ಸುಮಾರು 1,000 ಕಿ.ಮೀ. ದೂರದಲ್ಲಿವೆ. ಪ್ರವಾಸಿಗರು ಕೆಲವು ದಿನಗಳಿಂದ ಎರಡು ವಾರಗಳವರೆಗೆ ಹಡಗಿನಲ್ಲಿಯೇ ವಾಸಿಸಿ, ನಿಗದಿತ ಸ್ಥಳಗಳಲ್ಲಿ ಮಾತ್ರ ದ್ವೀಪಗಳ ಮೇಲೆ ಇಳಿಯುತ್ತಾರೆ. ಇಂತಹ ಹಡಗು 100ಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಒಯ್ಯುವಂತಿಲ್ಲ. ಹದಿನಾರು ಮಂದಿಗಷ್ಟೇ ಸ್ಥಳವಿರುವ ಹಡಗುಗಳೂ ಅನೇಕ.

ಹಡಗಿನ ಅವಶ್ಯಕತೆ

ದ್ವೀಪಸಮೂಹದ ಭೂಭಾಗದಲ್ಲಿ ಸುಮಾರು ಶೇ. 97ರಷ್ಟು ರಾಷ್ಟ್ರೀಯ ಉದ್ಯಾನಕ್ಕೆ ಸೇರಿದೆ. ನಾಗರಿಕ ವಸತಿಗಳಿರುವುದು ಸಾಂತಾ ಕ್ರೂಸ್, ಸಾನ್ ಕ್ರಿಸ್ಟೋಬಲ್, ಇಸಬೆಲಾ ಮತ್ತು ಫ್ಲೋರಿಯಾನಾ ದ್ವೀಪಗಳಲ್ಲಿ ಮಾತ್ರ. ಉಳಿದ ದ್ವೀಪಗಳಲ್ಲಿ ತಂಗಲು ಮನೆಯಿಲ್ಲ, ಬಂದರಿಲ್ಲ. ಸಿಹಿನೀರು ಸಹ ಅಪರೂಪ. ಆದುದರಿಂದ ಹಡಗು ರಾತ್ರಿಯಲ್ಲಿ ಸಂಚರಿಸಿ, ಬೆಳಗಾಗುವಷ್ಟರಲ್ಲಿ ಮತ್ತೊಂದು ದ್ವೀಪದ ಬಳಿ ಲಂಗರು ಹಾಕುತ್ತದೆ. ಉತ್ತರದ ಜೆನೊವೆಸಾ, ಪಶ್ಚಿಮದ ಫೆರ್ನಾಂಡಿನಾದಂತಹ ದೂರದ ದ್ವೀಪಗಳನ್ನು ನೋಡಲು ಬಹುಮಟ್ಟಿಗೆ ಇದೊಂದೇ ಮಾರ್ಗ.

ಇತಿಹಾಸ

ಈ ದ್ವೀಪಗಳಿಗೆ ಬಂದ ಮೊದಲ ಹಡಗುಗಳು ಪ್ರಾಣಿಗಳನ್ನು ನೋಡಲು ಬಂದವಲ್ಲ, ತಿನ್ನಲು ಬಂದವು. ಆಹಾರ, ನೀರುಗಳಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲ ದೈತ್ಯ ಆಮೆಗಳನ್ನು ಕಡಲ್ಗಳ್ಳರೂ ತಿಮಿಂಗಿಲ ಬೇಟೆಗಾರರೂ ತಾಜಾ ಮಾಂಸಕ್ಕಾಗಿ ಹಡಗಿನ ಒಡಲಿನಲ್ಲಿ ತುಂಬಿಕೊಂಡು ಹೋಗುತ್ತಿದ್ದರು. 1835ರಲ್ಲಿ ಚಾರ್ಲ್ಸ್ ಡಾರ್ವಿನ್ ‘ಬೀಗಲ್’ ಹಡಗಿನಲ್ಲಿ ಬಂದು ಸುಮಾರು ಐದು ವಾರ ಇಲ್ಲಿದ್ದನು. 1959ರಲ್ಲಿ ರಾಷ್ಟ್ರೀಯ ಉದ್ಯಾನದ ಘೋಷಣೆಯಾಯಿತು. 1960ರ ದಶಕದ ಕೊನೆಯಲ್ಲಿ ಲಾರ್ಸ್-ಎರಿಕ್ ಲಿಂಡ್‌ಬ್ಲಾಡ್ ಮೊದಲಾದವರು ಸಂಘಟಿತ ಹಡಗು ಪ್ರವಾಸಗಳನ್ನು ಆರಂಭಿಸಿದರು. 1978ರಲ್ಲಿ ಯುನೆಸ್ಕೊ ಪ್ರಕಟಿಸಿದ ವಿಶ್ವ ಪರಂಪರೆಯ ಮೊದಲ ಪಟ್ಟಿಯಲ್ಲಿಯೇ ದ್ವೀಪಗಳು ಸ್ಥಾನ ಪಡೆದವು. ಸುತ್ತಲಿನ ಕಡಲನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿದ್ದು 1998ರಲ್ಲಿ.

ದಿನಚರಿ ಮತ್ತು ನಿಯಮಗಳು

ಹಡಗಿನಿಂದ ದಡಕ್ಕೆ ಹೋಗಲು ‘ಪಂಗಾ’ ಎಂದು ಕರೆಯುವ ಚಿಕ್ಕ ಮೋಟಾರು ದೋಣಿಗಳನ್ನು ಬಳಸುತ್ತಾರೆ. ಬಂಡೆ ಅಥವಾ ಕಟ್ಟೆಯ ಮೇಲೆ ನೇರವಾಗಿ ಕಾಲಿಡುವುದು ‘ಒಣ ಇಳಿತ’. ಅಲೆಗಳಲ್ಲಿ ಮೊಣಕಾಲುದ್ದ ನೀರಿಗಿಳಿದು ಮರಳದಂಡೆಗೆ ನಡೆಯುವುದು ‘ಒದ್ದೆ ಇಳಿತ’. ಉದ್ಯಾನದ ಪರವಾನಗಿ ಪಡೆದ ಮಾರ್ಗದರ್ಶಿಯಿಲ್ಲದೆ ಯಾರೂ ಇಳಿಯುವಂತಿಲ್ಲ, ಒಬ್ಬ ಮಾರ್ಗದರ್ಶಿಯೊಡನೆ 16 ಮಂದಿಗಿಂತ ಹೆಚ್ಚು ಇರುವಂತಿಲ್ಲ. ಗುರುತು ಮಾಡಿದ ಕಾಲುದಾರಿಯನ್ನು ಬಿಡಬಾರದು, ಪ್ರಾಣಿಗಳಿಂದ ಕನಿಷ್ಠ ಎರಡು ಮೀಟರ್ ದೂರವಿರಬೇಕು, ಫ್ಲಾಶ್ ಬಳಸಬಾರದು, ಆಹಾರ ಕೊಡಬಾರದು.

ಇವುಗಳಲ್ಲಿ ಪಾಲಿಸಲು ಕಷ್ಟವಾದುದು ಎರಡು ಮೀಟರಿನ ನಿಯಮ. ನೆಲದ ಮೇಲೆ ದೊಡ್ಡ ಬೇಟೆಪ್ರಾಣಿಗಳಿಲ್ಲದೆ ವಿಕಾಸಗೊಂಡ ಇಲ್ಲಿನ ಜೀವಿಗಳಿಗೆ ಮನುಷ್ಯನ ಭಯವಿಲ್ಲ. ಕಡಲಸಿಂಹವು ದಾರಿಗಡ್ಡವಾಗಿ ಮಲಗಿರುತ್ತದೆ. ನೀಲಿಪಾದದ ಬೂಬಿಯು ಕಾಲುದಾರಿಯ ನಡುವೆಯೇ ಮೊಟ್ಟೆಯಿಡುತ್ತದೆ. ಎಸ್ಪಾನ್ಯೋಲಾದ ಮಾಕಿಂಗ್‌ಬರ್ಡ್ ಹಕ್ಕಿಗಳು ನೀರಿನಾಸೆಯಿಂದ ಪ್ರವಾಸಿಗರ ಬಾಟಲಿಗಳನ್ನೇ ಕುಕ್ಕುತ್ತವೆ. ಹಿಂದೆ ಸರಿಯಬೇಕಾದವನು ಮನುಷ್ಯನೇ.

ಕಾಣಸಿಗುವ ಜೀವಿಗಳು

ಒಂದೊಂದು ದ್ವೀಪದ ಜೀವಿಸಂಕುಲವೂ ಬೇರೆಯಾಗಿರುವುದರಿಂದ ಯಾನದ ಮಾರ್ಗವೇ ಮುಖ್ಯವಾಗುತ್ತದೆ. ಪಶ್ಚಿಮದಲ್ಲಿ ಕ್ರಾಮ್‌ವೆಲ್ ಒಳಪ್ರವಾಹವು ದ್ವೀಪಗಳಿಗೆ ಬಡಿದು, ಪೋಷಕಾಂಶಗಳಿಂದ ತುಂಬಿದ ತಣ್ಣೀರನ್ನು ಮೇಲಕ್ಕೆ ತರುತ್ತದೆ. ಸಮಭಾಜಕ ವೃತ್ತದ ಮೇಲೆ ಪೆಂಗ್ವಿನ್‌ಗಳು ಬದುಕಿರುವುದು ಈ ತಣ್ಣೀರಿನಿಂದಲೇ. ಹಾರುವ ಶಕ್ತಿಯನ್ನೇ ಕಳೆದುಕೊಂಡ ನೀರುಕಾಗೆಯು ಫೆರ್ನಾಂಡಿನಾ ಮತ್ತು ಇಸಬೆಲಾಗಳ ತೀರಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ.

ಕಡಲ ಇಗ್ವಾನಾವು ಸಮುದ್ರದಲ್ಲಿ ಮುಳುಗಿ ಪಾಚಿ ಮೇಯುವ ಏಕೈಕ ಹಲ್ಲಿ ಜಾತಿ. ದೇಹದ ಹೆಚ್ಚುವರಿ ಉಪ್ಪನ್ನು ಅದು ಮೂಗಿನಿಂದ ಸೀನಿ ಹೊರಹಾಕುತ್ತದೆ. ಎಲ್ ನಿನೊ ವರ್ಷಗಳಲ್ಲಿ ಕಡಲು ಬಿಸಿಯಾಗಿ ಪಾಚಿ ಕುಗ್ಗಿದಾಗ ಇಗ್ವಾನಾಗಳ ದೇಹದ ಉದ್ದವೇ ಕಡಿಮೆಯಾಗುವುದನ್ನು ವಿಜ್ಞಾನಿಗಳು ಅಳೆದಿದ್ದಾರೆ. ತೂಕವಷ್ಟೇ ಅಲ್ಲ, ಉದ್ದ. ಪೆಂಗ್ವಿನ್‌ಗಳಿಗೆ ಅಂತಹ ಉಪಾಯವಿಲ್ಲ. 1982–83ರ ಎಲ್ ನಿನೊದಲ್ಲಿ ಅವುಗಳ ಸಂಖ್ಯೆ ಶೇ. 77ರಷ್ಟು ಕುಸಿಯಿತು.

ಅಲೆರೆಕ್ಕೆಯ ಆಲ್ಬಟ್ರಾಸ್‌ಗಳು ಹೆಚ್ಚುಕಡಿಮೆ ಎಲ್ಲವೂ ಎಸ್ಪಾನ್ಯೋಲಾದಲ್ಲಿಯೇ ಮರಿಮಾಡುತ್ತವೆ. ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಬಂದವರಿಗೆ ಅವು ಕಾಣುತ್ತವೆ, ಉಳಿದ ತಿಂಗಳುಗಳಲ್ಲಿ ಬಂದವರಿಗೆ ಇಲ್ಲ. ಜೆನೊವೆಸಾ ದ್ವೀಪವು ಕೆಂಪುಪಾದದ ಬೂಬಿಗಳಿಗೂ ಹಗಲಿನಲ್ಲಿ ಬೇಟೆಯಾಡುವ ಗೂಬೆಗೂ ಹೆಸರಾಗಿದೆ. ತೀರ ಉತ್ತರದ ವುಲ್ಫ್ ಮತ್ತು ಡಾರ್ವಿನ್ ದ್ವೀಪಗಳಲ್ಲಿ ಪ್ರವಾಸಿಗರು ಇಳಿಯುವಂತಿಲ್ಲ. ತಿಮಿಂಗಿಲ ಶಾರ್ಕ್‌ಗಳನ್ನು ನೋಡಲು ಮುಳುಗುಗಾರರ ಹಡಗುಗಳು ಮಾತ್ರ ಅಲ್ಲಿಗೆ ಹೋಗುತ್ತವೆ.

ಪರಿಸರದ ಮೇಲೆ ಪರಿಣಾಮ

ಹಡಗು ಚಿಕ್ಕದಾದ ಮಾತ್ರಕ್ಕೆ ಅದು ನಿರಪಾಯಕಾರಿಯಲ್ಲ. ರಾತ್ರಿ ದೀಪಗಳಿಗೆ ಮುತ್ತುವ ಕೀಟಗಳು ಹಡಗಿನೊಡನೆ ಒಂದು ದ್ವೀಪದಿಂದ ಇನ್ನೊಂದಕ್ಕೆ ಸಾಗುತ್ತವೆ. ಹೊರಗಿನಿಂದ ಬಂದ ಫಿಲಾರ್ನಿಸ್ ಎಂಬ ನೊಣದ ಹುಳುಗಳು ಗೂಡಿನಲ್ಲಿರುವ ಮರಿಗಳ ರಕ್ತ ಹೀರುತ್ತವೆ. ಸುಮಾರು ನೂರರಷ್ಟೇ ಉಳಿದಿರುವ ಮ್ಯಾಂಗ್ರೋವ್ ಫಿಂಚ್‌ಗೆ ಇದು ದೊಡ್ಡ ಅಪಾಯವಾಗಿದೆ.

2001ರ ಜನವರಿಯಲ್ಲಿ ‘ಜೆಸ್ಸಿಕಾ’ ಎಂಬ ತೈಲವಾಹಕ ಹಡಗು ಸಾನ್ ಕ್ರಿಸ್ಟೋಬಲ್ ಬಳಿ ನೆಲಕ್ಕೆ ಸಿಲುಕಿ ತೈಲ ಸೋರಿತು. ಅದರ ಸರಕಿನಲ್ಲಿ ಒಂದು ಭಾಗ ಪ್ರವಾಸಿ ಹಡಗಿಗೆ ಬೇಕಾದ ಇಂಧನವಾಗಿತ್ತು. ಗಾಳಿ ಮತ್ತು ಪ್ರವಾಹಗಳು ತೈಲವನ್ನು ಚದುರಿಸಿದುದರಿಂದ ಹಾನಿ ಅಲ್ಪವೆಂದೇ ಮೊದಲು ತೋರಿತು. ಆದರೆ ಒಂದು ವರ್ಷದೊಳಗೆ ಸಾಂತಾ ಫೆ ದ್ವೀಪದ ಕಡಲ ಇಗ್ವಾನಾಗಳಲ್ಲಿ ಶೇ. 62ರಷ್ಟು ಸತ್ತವು. ಅವುಗಳ ಜೀರ್ಣಾಂಗದ ಸೂಕ್ಷ್ಮಜೀವಿಗಳು ಅಲ್ಪ ತೈಲದಿಂದಲೂ ನಾಶವಾಗಿ, ಪಾಚಿ ಜೀರ್ಣವಾಗದೆ ಅವು ಹಸಿದು ಸತ್ತಿರಬೇಕೆಂದು ಸಂಶೋಧಕರು ಊಹಿಸಿದ್ದಾರೆ.

ಮಿತಿ ಮತ್ತು ವಿವಾದ

ಮಿತಿಮೀರಿದ ಪ್ರವಾಸೋದ್ಯಮ, ಹೊರಗಿನ ಜೀವಿಗಳು ಮುಂತಾದ ಕಾರಣಗಳಿಂದ ಯುನೆಸ್ಕೊ 2007ರಲ್ಲಿ ಈ ತಾಣವನ್ನು ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಸೇರಿಸಿ, 2010ರಲ್ಲಿ ತೆಗೆಯಿತು. 2012ರಿಂದ ಹಡಗೊಂದು ಸಾಮಾನ್ಯವಾಗಿ ಒಂದೇ ಸ್ಥಳಕ್ಕೆ ಹದಿನಾಲ್ಕು ದಿನಗಳೊಳಗೆ ಮತ್ತೆ ಹೋಗುವಂತಿಲ್ಲ.

ಹಡಗುಗಳ ಒಟ್ಟು ಹಾಸಿಗೆಗಳ ಸಂಖ್ಯೆಗೆ ಸರ್ಕಾರ ಮಿತಿ ಹಾಕಿದ್ದರೂ ಒಟ್ಟು ಪ್ರವಾಸಿಗರು ಕಡಿಮೆಯಾಗಲಿಲ್ಲ. ಊರುಗಳ ವಸತಿಗೃಹಗಳಲ್ಲಿ ತಂಗಿ ಹಗಲು ಪ್ರವಾಸ ಮಾಡುವವರು ಹೆಚ್ಚುತ್ತಾ ಹೋಗಿ, ಈಗ ಹಡಗಿನಲ್ಲಿ ತಂಗುವವರಿಗಿಂತ ಅವರೇ ಬಹುಸಂಖ್ಯಾತರು. 2023ರಲ್ಲಿ ದ್ವೀಪಗಳಿಗೆ ಬಂದವರು 3 ಲಕ್ಷಕ್ಕೂ ಅಧಿಕ. ದುಬಾರಿ ಯಾನದ ಹಣ ಹೊರಗಿನ ಕಂಪನಿಗಳಿಗೆ ಹೋಗುತ್ತದೆ, ವಸತಿಗೃಹದ ಹಣ ಊರಿನಲ್ಲಿ ಉಳಿಯುತ್ತದೆ ಎಂಬುದು ನಿವಾಸಿಗಳ ವಾದ. ಊರುಗಳು ಬೆಳೆದಷ್ಟೂ ನೀರು, ಕಸ ಮತ್ತು ಸರಕು ಸಾಗಣೆಯ ಹೊರೆ ಹೆಚ್ಚುತ್ತದೆ ಎಂಬುದು ಸಂರಕ್ಷಣಾಕಾರರ ಪ್ರತಿವಾದ, ಎರಡರಲ್ಲಿಯೂ ಹುರುಳಿದೆ. 1998ರಿಂದ ಬದಲಾಗದಿದ್ದ 100 ಡಾಲರ್ ಪ್ರವೇಶ ಶುಲ್ಕವನ್ನು 2024ರ ಆಗಸ್ಟ್ 1ರಿಂದ ಬಹುತೇಕ ವಿದೇಶಿಯರಿಗೆ 200 ಡಾಲರಿಗೆ ಏರಿಸಲಾಗಿದೆ.