ಸಿದ್ದಿಯರ ದಮಾಮಿ ಮತ್ತು ಕೌದಿ

ಹಳಿಯಾಳ, ಮುಂಡಗೋಡ, ಯಲ್ಲಾಪುರದ ಕಾಡಂಚಿನ ಸಿದ್ದಿಯರು ಆಫ್ರಿಕಾ ಮೂಲದವರು. ಗೋವಾದಲ್ಲಿ ಪೋರ್ಚುಗೀಸರ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರು ಅವರ ಹಿರಿಯರಲ್ಲಿ ಹಲವರು. ಎರಡೂ ಬಾಯಿಗೆ ಚರ್ಮ ಬಿಗಿದ ದಮಾಮಿ ಮೊಳಗಿದರೇನೇ ಅವರ ಹಾಡು, ಕುಣಿತಕ್ಕೆ ಕಳೆ.

ಹೆಂಗಸರ ಕೈಚಳಕ ಕಾಣುವುದು ಕೌದಿಯಲ್ಲಿ. ಹಳೆ ಸೀರೆ ಹಾಸಿ, ಅದರ ಮೇಲೆ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ನಡುವಿನವರೆಗೆ ಕೈಯಲ್ಲೇ ಹೊಲಿಯುತ್ತಾರೆ. ನಕ್ಷೆ ಬರೆದುಕೊಳ್ಳುವುದಿಲ್ಲ, ಬಣ್ಣದ ಹೊಂದಿಕೆಯೆಲ್ಲ ಕಣ್ಣಳತೆಯದೇ. ಆ ಧೈರ್ಯ ದೊಡ್ಡ ಚಿತ್ರಕಾರರಿಗೂ ಸುಲಭವಲ್ಲ. ನಾಲ್ಕು ಮೂಲೆಗೆ ಬಟ್ಟೆ ಮಡಚಿ ಮಾಡಿದ ಮುಮ್ಮೂಲೆಯ ಹೂವು ಕೂರಿಸದೆ ಕೌದಿ ಮುಗಿಯದು.

ಮನೆಮಂದಿ ಹಾಸಿ ಹೊದೆಯುವ ಈ ಕೌದಿಗಳನ್ನು ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಹೊರಜಗತ್ತಿಗೆ ಪರಿಚಯಿಸಿದರು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಅವುಗಳ ಪ್ರದರ್ಶನ ನಡೆಯಿತು.