ಹಾಡಿನ ಹಿಂದೆ ‘ಗುಂಯ್’ ಅಂತಿದೆಯಾ?

ಮಧ್ಯಾಹ್ನದ ಕೆಲಸ ಮುಗಿಸಿ, ಲ್ಯಾಪ್‌ಟಾಪ್‌ಗೆ ಸ್ಪೀಕರ್ ಜೋಡಿಸಿ ಯಕ್ಷಗಾನದ ಪದ ಹಾಕಿದ್ದೀರಿ. ಭಾಗವತರ ಸ್ವರದ ಹಿಂದೆ ಒಂದೇ ಸಮನೆ ‘ಗುಂಯ್’! ಸ್ಪೀಕರ್ ಹಾಳಾಯ್ತು ಅಂತ ಮಣ್ಣಗುಡ್ಡದಿಂದ ಹಂಪನಕಟ್ಟೆಗೆ ಓಡಬೇಡಿ. ಮೊದಲು ಲ್ಯಾಪ್‌ಟಾಪ್‌ನ ಚಾರ್ಜರ್ ತೆಗೆದು ನೋಡಿ.

ಸದ್ದು ನಿಂತಿತಾ? ಹಾಗಾದರೆ ಸ್ಪೀಕರ್ ಸರಿ ಉಂಟು. ಲ್ಯಾಪ್‌ಟಾಪ್ ಒಂದು ಪ್ಲಗ್‌ನಲ್ಲಿ, ಸ್ಪೀಕರ್ ಇನ್ನೊಂದರಲ್ಲಿ ಇದ್ದಾಗ ಎರಡರ ಅರ್ಥಿಂಗ್‌ನಲ್ಲಿರುವ ಸಣ್ಣ ವ್ಯತ್ಯಾಸ ಆಡಿಯೋ ತಂತಿಯೊಳಗೆ ನುಸುಳಿ ಹೀಗೆ ಗುನುಗುತ್ತದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದರೆ ಹೆಚ್ಚಿನ ಸಲ ಕಡಿಮೆಯಾಗುತ್ತದೆ. ಆಗದಿದ್ದರೆ ಹಾಡು ಕೇಳುವಷ್ಟು ಹೊತ್ತು ಬ್ಯಾಟರಿಯಲ್ಲೇ ನಡೆಸಿ.

ಕೆಲವರು ಚಾರ್ಜರ್‌ನ ದೊಡ್ಡ ಪಿನ್ ಮುರಿದು ‘ಈಗ ಸದ್ದೇ ಇಲ್ಲ’ ಅಂತ ಖುಷಿಪಡುವುದುಂಟು. ದಯವಿಟ್ಟು ಬೇಡ! ಅದು ಅರ್ಥ್ ಪಿನ್. ಒಳಗೆ ಏನಾದರೂ ಕೆಟ್ಟರೆ ಶಾಕ್ ಹೊಡೆಯದಂತೆ ಕಾಯುವುದು ಅದೇ. ನಮ್ಮ ಮಳೆಗಾಲ, ಅಡುಗೆಮನೆಯಿಂದ ಬಂದ ಒದ್ದೆ ಕೈ, ಜೊತೆಗೆ ಮನೆಯಲ್ಲಿ ಮಕ್ಕಳು... ಯೋಚಿಸಿ.

ಚಾರ್ಜರ್ ತೆಗೆದರೂ ‘ಕರಕರ’ ಅಂದರೆ ತಂತಿಯ ಪಿನ್ ನೋಡಿ. ಕಡಲಗಾಳಿಗೆ ಕಿಲುಬು ಹಿಡಿದಿರಬಹುದು. ಒಣ ಬಟ್ಟೆಯಲ್ಲಿ ಒರೆಸಿ. ಲ್ಯಾಪ್‌ಟಾಪ್‌ನ ತೂತೇ ಸಡಿಲವಾಗಿದ್ದರೆ ಯುಎಸ್‌ಬಿಗೆ ಸಿಕ್ಕಿಸುವ ಸಣ್ಣ ಸೌಂಡ್ ಕಾರ್ಡ್ ಸಾಕು, ಹೊಸ ಲ್ಯಾಪ್‌ಟಾಪ್ ಬೇಡ.

ವಾಲ್ಯೂಮ್? ಲ್ಯಾಪ್‌ಟಾಪ್‌ನಲ್ಲಿ ಮುಕ್ಕಾಲು ಭಾಗ ಏರಿಸಿ, ಸ್ಪೀಕರ್‌ನಲ್ಲಿ ಬೇಕಾದಷ್ಟು ತಗ್ಗಿಸಿ. ಇನ್ನು ಮದ್ದಳೆಯ ಸದ್ದು ದಪ್ಪವಾಗಿ ಪದವೇ ಮುಳುಗಿದರೆ, ಶೋಕೇಸಿನ ಮೂಲೆಯಲ್ಲಿರುವ ಸ್ಪೀಕರನ್ನು ಗೋಡೆಯಿಂದ ಒಂದಡಿ ಮುಂದೆ ಎಳೆದಿಡಿ.